ಜೆಲ್‌ಗೆ ಔಷಧಿ ತುಂಬಬಹುದು, ಬಿಡಿಸುವುದು ಹೇಗೆ?

(ಬೆಂಗಳೂರಿನ ಬಸವನಗುಡಿಯಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ವಿಷಯ, ಕ್ಯಾನ್ಸರ್ ಔಷಧಿಯನ್ನು ಹೈಡ್ರೊಜೆಲ್ ಅನ್ನುವ ನೀರು ತುಂಬಿದ ಲೋಳೆಯಲ್ಲಿಟ್ಟು ನಿಧಾನವಾಗಿ ಬಿಡಿಸುವುದು. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಸ್ತನ ಕ್ಯಾನ್ಸರ್‌ಗೆ ಕೀಮೋ ತಗೊಂಡವರು, ಅವರ ಜೊತೆ ಆಸ್ಪತ್ರೆಗೆ ಹೋಗಿ ಕೂತವರು ಇದನ್ನು ನೋಡಿರುತ್ತೀರಿ. ಕೊಟ್ಟ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ನರ್ಸ್ ಮೊದಲೇ ಹೇಳದಿದ್ದರೆ ರೋಗಿ ರಕ್ತವೇ ಹೋಗುತ್ತಿದೆ ಅಂತ ಗಾಬರಿ ಬೀಳುತ್ತಾರೆ. ಈ ಔಷಧಿಯ ಮೂಲ ಇಟಲಿಯ ಒಂದು ಹಳೇ ಕೋಟೆ, ಕ್ಯಾಸ್ಟೆಲ್ ಡೆಲ್ ಮೊಂಟೆಯ ಸುತ್ತಮುತ್ತಲಿನ ಮಣ್ಣು. ಅಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದ ಸಂತತಿಯಿಂದ ಇದು ಬಂತು. 50 ವರ್ಷದಿಂದ ಬಳಕೆಯಲ್ಲಿದೆ, ಈಗಲೂ ಇದಿಲ್ಲದೆ ಕ್ಯಾನ್ಸರ್ ವಾರ್ಡ್ ನಡೆಯುವುದಿಲ್ಲ.

ಆದರೆ ಇದಕ್ಕೊಂದು ದೊಡ್ಡ ತೊಂದರೆ ಇದೆ. ರಕ್ತನಾಳಕ್ಕೆ ಹಾಕಿದ ಸುಮಾರು 5 ನಿಮಿಷದಲ್ಲೇ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಎಲ್ಲಿಗೆ ಹೋಯಿತು? ಮೈಯಲ್ಲೆಲ್ಲಾ ಹರಡಿಕೊಂಡಿತು. ಗಡ್ಡೆಗೂ ಹೋಯಿತು, ಕೂದಲ ಬುಡಕ್ಕೂ ಹೋಯಿತು, ಕರುಳಿಗೂ ಹೋಯಿತು, ಎಲುಬಿನ ಒಳಗಿನ ಮಜ್ಜೆಗೂ ಹೋಯಿತು, ಹೃದಯಕ್ಕೂ ಹೋಯಿತು. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶ ಎಲ್ಲಿದ್ದರೂ ಅದಕ್ಕೆ ಹೊಡೆತ. ಹೃದಯದ ಸ್ನಾಯುವಿಗೆ ಆಗುವ ಹಾನಿಯಂತೂ ಮರಳಿ ಸರಿಹೋಗುವುದು ಕಷ್ಟ. ಆದ್ದರಿಂದ ಒಬ್ಬ ಮನುಷ್ಯನಿಗೆ ಇಡೀ ಜೀವಮಾನದಲ್ಲಿ ಇಷ್ಟೇ ಕೊಡಬೇಕು ಅಂತ ಡಾಕ್ಟರುಗಳು ಲೆಕ್ಕ ಇಡುತ್ತಾರೆ. ಮೈಯ ಹೊರಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ದಾಟುವ ಹೊತ್ತಿಗೆ ಅಪಾಯ ಜೋರಾಗಿ ಏರುತ್ತದೆ. ಔಷಧಿ ಕೆಲಸ ಮಾಡುತ್ತಿದ್ದರೂ ನಿಲ್ಲಿಸಲೇಬೇಕಾದ ಪರಿಸ್ಥಿತಿ ಬರುತ್ತದೆ.

ಇನ್ನೊಂದು ಔಷಧಿ ನೋಡಿ, 5-ಫ್ಲೂರೊಯುರಾಸಿಲ್. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುತ್ತಾರೆ. ಇದರ ಅರ್ಧಾಯುಷ್ಯ 10-20 ನಿಮಿಷ. ಅಂದರೆ ಚುಚ್ಚಿ ಮುಗಿಸಿ ಕಾಫಿ ಕುಡಿಯುವಷ್ಟರಲ್ಲಿ ಅರ್ಧ ಖಾಲಿ. ಆದ್ದರಿಂದಲೇ ಕೆಲವರಿಗೆ 46 ಗಂಟೆ ನಿಧಾನವಾಗಿ ಹನಿಸುವ ಒಂದು ಪಂಪನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. ನಮ್ಮ ಮೆಟ್ರೋದಲ್ಲೇ ಅಂಥ ಪಂಪ್ ಕಟ್ಟಿಕೊಂಡವರು ಪಕ್ಕದಲ್ಲಿ ನಿಂತಿರಬಹುದು, ನಮಗೆ ಗೊತ್ತೂ ಆಗುವುದಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಔಷಧಿಯನ್ನು ಬೇಕಾದ ಜಾಗದಲ್ಲಿ ಇರಿಸುವುದು ಹೇಗೆ? ಅಲ್ಲಿಂದ ಅದು ಬೇಕಾದಷ್ಟು ದಿನ, ಬೇಕಾದ ಪ್ರಮಾಣದಲ್ಲಿ ಹೊರಬರುವ ಹಾಗೆ ಮಾಡುವುದು ಹೇಗೆ?

ಮೊದಲನೆಯ ಪ್ರಶ್ನೆಗೆ ಒಂದು ಉತ್ತರ: ಔಷಧಿಯನ್ನು ತೀರಾ ಸಣ್ಣ ಪೊಟ್ಟಣದೊಳಗೆ ಇಟ್ಟು ರಕ್ತಕ್ಕೆ ಬಿಡುವುದು. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಸೋರುತ್ತಿರುತ್ತವೆ, ಆ ಸಂದಿಯಲ್ಲಿ ಪೊಟ್ಟಣ ಗಡ್ಡೆಯೊಳಗೆ ನುಸುಳುತ್ತದೆ ಅನ್ನುವ ಲೆಕ್ಕಾಚಾರ. ಕೊಬ್ಬಿನ ಪದರದಲ್ಲಿ ಸುತ್ತಿದ ಡಾಕ್ಸೊರುಬಿಸಿನ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1995ರಲ್ಲೇ ಒಪ್ಪಿಗೆ ಕೊಟ್ಟಿತು. ಹೃದಯಕ್ಕೆ ಆಗುವ ತೊಂದರೆ ಕಡಿಮೆಯಾಯಿತು, ಅದು ದೊಡ್ಡ ಲಾಭವೇ. ಆದರೆ ಇಂಥ ನ್ಯಾನೋ ಕಣಗಳ ಬಗ್ಗೆ ಬಂದ 10 ವರ್ಷದ ಪ್ರಯೋಗಗಳನ್ನೆಲ್ಲಾ ಒಟ್ಟುಹಾಕಿ 2016ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಚುಚ್ಚಿದ ಪ್ರಮಾಣದಲ್ಲಿ ಗಡ್ಡೆಗೆ ತಲುಪುವುದು ಸಾಮಾನ್ಯವಾಗಿ ಎಷ್ಟು? 0.7 ಶೇಕಡಾ. ಉಳಿದದ್ದರಲ್ಲಿ ಬಹುಪಾಲು ಲಿವರ್, ಸ್ಪ್ಲೀನ್ (ಗುಲ್ಮ) ಪಾಲು. ನ್ಯಾನೋ ಅಂದರೆ ಎಲ್ಲಾ ಬಗೆಹರಿಯಿತು ಅಂತ ಬರೆಯುವವರು ಈ ಅಂಕಿಯನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕು.

ಇನ್ನೊಂದು ಉತ್ತರ ಸರಳ. ರಕ್ತದ ದಾರಿಯನ್ನೇ ಬಿಟ್ಟು, ಔಷಧಿಯನ್ನು ಗಡ್ಡೆಯೊಳಗೆ ಅಥವಾ ಗಡ್ಡೆ ತೆಗೆದ ಜಾಗದಲ್ಲಿ ನೇರವಾಗಿ ಇಟ್ಟುಬಿಡುವುದು. ಸುಮ್ನೆ ಇಟ್ಟರೆ ನಿಲ್ಲುವುದಿಲ್ಲ, ತೊಳೆದುಹೋಗುತ್ತದೆ. ಹಿಡಿದುಕೊಳ್ಳಲು ಏನಾದರೂ ಬೇಕು. ಆ ಏನಾದರೂ ಅನ್ನುವುದೇ ಇವತ್ತಿನ ವಿಷಯ, ಹೈಡ್ರೊಜೆಲ್.

ಹೈಡ್ರೊಜೆಲ್ ನಿಮಗೆ ಹೊಸದಲ್ಲ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಕಾಮಕಸ್ತೂರಿ ಬೀಜ ತಂದು ನೀರಿಗೆ ಹಾಕಿ. ಹತ್ತು ನಿಮಿಷದಲ್ಲಿ ಪ್ರತಿ ಬೀಜದ ಸುತ್ತ ಒಂದು ಲೋಳೆಯ ಪದರ ಉಬ್ಬಿ ನಿಲ್ಲುತ್ತದೆ. ಅದು ಹೈಡ್ರೊಜೆಲ್. ಚೈನಾ ಗ್ರಾಸ್ ಹಾಕಿ ಮಾಡಿದ ಪುಡ್ಡಿಂಗ್ ಹೈಡ್ರೊಜೆಲ್. ಲೋಳೆಸರದ ಎಲೆ ಸೀಳಿದರೆ ಒಳಗಿರುವ ತಿರುಳೂ ಅದೇ ಜಾತಿ. ಎಲ್ಲದರಲ್ಲೂ ಇರುವುದು ಇಷ್ಟೇ: ನೀರನ್ನು ಇಷ್ಟಪಡುವ ಉದ್ದುದ್ದ ಅಣುಗಳ ಸರಪಳಿ, ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು, ಮಿಕ್ಕಿದ್ದೆಲ್ಲಾ ನೀರು. ತೂಕದಲ್ಲಿ 90 ಶೇಕಡಾ ನೀರೇ ಇದ್ದರೂ ಅದು ಹರಿಯುವುದಿಲ್ಲ, ಯಾಕೆಂದರೆ ಗಂಟುಗಳು ಬಿಡುವುದಿಲ್ಲ.

ವೈದ್ಯಕೀಯಕ್ಕೆ ಇದು ಬಂದ ಕಥೆ ಚೆನ್ನಾಗಿದೆ. 1960ರಲ್ಲಿ ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ಡ್ರಾಹೊಸ್ಲಾವ್ ಲಿಮ್ ಅನ್ನುವ ಇಬ್ಬರು ರಸಾಯನ ವಿಜ್ಞಾನಿಗಳು ಮೈಗೆ ಒಗ್ಗುವ ಜೆಲ್‌ಗಳ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡಬೇಕು ಅನ್ನುವುದು ವಿಖ್ಟರ್ಲೆ ಆಸೆ. ಸರಿಯಾದ ಬೆಂಬಲ ಸಿಗಲಿಲ್ಲ. 1961ರ ಕ್ರಿಸ್‌ಮಸ್ ರಜೆಯಲ್ಲಿ ಮನೆಯ ಅಡುಗೆಮನೆಯಲ್ಲಿ ಮಕ್ಕಳು ಆಡುವ ಲೋಹದ ಬಿಲ್ಡಿಂಗ್ ಸೆಟ್, ಒಂದು ಸೈಕಲ್ ಡೈನಮೊ ಸೇರಿಸಿ ಒಂದು ತಿರುಗುವ ಯಂತ್ರ ಕಟ್ಟಿದರು. ಅದರಲ್ಲಿ ಅಚ್ಚು ತಿರುಗಿಸುತ್ತಾ ಜೆಲ್ ಹನಿ ಹಾಕಿ ಮೊದಲ ಮೆತ್ತನೆಯ ಲೆನ್ಸ್ ಮಾಡಿದರು. ಇವತ್ತು ಈ ಸಭೆಯಲ್ಲಿ ಲೆನ್ಸ್ ಹಾಕಿಕೊಂಡು ಕೂತವರು ಕಣ್ಣಿನಲ್ಲೇ ಹೈಡ್ರೊಜೆಲ್ ಇಟ್ಟುಕೊಂಡು ಬಂದಿದ್ದೀರಿ.

ಲೆನ್ಸಿನದು ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್, ಅಂದರೆ ಆಗ ಹೇಳಿದ ಉದ್ದುದ್ದ ಅಣುಗಳ ಸರಪಳಿ. ಜೀವಿಗಳಿಂದ ಸಿಗುವ ಪಾಲಿಮರ್‌ಗಳೂ ಬೇಕಾದಷ್ಟಿವೆ, ಅವನ್ನೇ ಬಯೊಪಾಲಿಮರ್ ಅನ್ನುತ್ತೇವೆ. ಕಂದು ಬಣ್ಣದ ಕಡಲಪಾಚಿಯಿಂದ ಆಲ್ಜಿನೇಟ್. ಶಿಗಡಿ, ಏಡಿ ಚಿಪ್ಪಿನಿಂದ ಕೈಟೊಸಾನ್. ಪ್ರಾಣಿಗಳ ಚರ್ಮ, ಮೂಳೆಯಿಂದ ಜೆಲಟಿನ್. ನಮ್ಮ ಕೀಲುಗಳಲ್ಲೇ ಇರುವ ಹಯಲುರಾನಿಕ್ ಆಮ್ಲ. ಹುಣಸೆ ಬೀಜದ ಗೋಂದು. ರೇಷ್ಮೆ.

ಈಗ ಸಭೆಯಲ್ಲಿ ಮಾಡಿ ತೋರಿಸಿದ್ದನ್ನು ಬರೆದು ಹೇಳುತ್ತೇನೆ. ಒಂದು ಲೋಟದಲ್ಲಿ ಸೋಡಿಯಂ ಆಲ್ಜಿನೇಟ್ ಕರಗಿಸಿದ ನೀರು, 2 ಶೇಕಡಾ ಇರಬಹುದು. ಎಣ್ಣೆಯಷ್ಟು ಮಂದ. ಅದಕ್ಕೆ ಬೀಟ್‌ರೂಟ್ ರಸ ಬೆರೆಸಿದ್ದೆ. ಇನ್ನೊಂದು ಲೋಟದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು. ಮೊದಲನೆಯದನ್ನು ಸಿರಿಂಜಿನಿಂದ ಎರಡನೆಯದಕ್ಕೆ ಹನಿ ಹನಿಯಾಗಿ ಬಿಟ್ಟರೆ ಪ್ರತಿ ಹನಿಯೂ ಬಿದ್ದ ಕ್ಷಣದಲ್ಲೇ ಗಟ್ಟಿಯಾಗಿ ಕೆಂಪು ಮುತ್ತಾಗುತ್ತದೆ. ಕೈಯಲ್ಲಿ ಹಿಡಿದು ಅಮುಕಬಹುದು, ಒಡೆಯುವುದಿಲ್ಲ. ಕಾರಣ ಏನೆಂದರೆ, ಆಲ್ಜಿನೇಟ್ ಸರಪಳಿಯ ಉದ್ದಕ್ಕೂ ಋಣ ವಿದ್ಯುದಂಶ ಇದೆ. ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ. ಒಂದು ಕ್ಯಾಲ್ಸಿಯಂ ಅಯಾನು ಅಕ್ಕಪಕ್ಕದ ಎರಡು ಸರಪಳಿಗಳನ್ನು ಒಟ್ಟಿಗೆ ಹಿಡಿದುಬಿಡುತ್ತದೆ. ಅದೇ ಗಂಟು. ಬಿಸಿ ಬೇಡ, ವಿಷ ಇಲ್ಲ, ಕ್ಷಣದಲ್ಲಿ ಮುಗಿಯುತ್ತದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳೆಲ್ಲಾ ಎದ್ದು ಬಂದರು.

ಬೀಟ್‌ರೂಟ್ ಯಾಕೆ? ಕೆಂಪು ಅಂತ ಮಾತ್ರ ಅಲ್ಲ. ಬೀಟ್‌ರೂಟಿನ ಬಣ್ಣ ಬೆಟನಿನ್, ಅದರ ಅಣುತೂಕ ಸುಮಾರು 550. ಡಾಕ್ಸೊರುಬಿಸಿನ್‌ದು ಸುಮಾರು 544. ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಕ್ಯಾನ್ಸರ್ ಔಷಧಿಯನ್ನು ಸಭೆಗೆ ತರುವಂತಿಲ್ಲ, ಅದನ್ನು ಕೈಗವಸು ಇಲ್ಲದೆ ಮುಟ್ಟುವಂತೆಯೂ ಇಲ್ಲ. ಬೀಟ್‌ರೂಟ್ ಮುಟ್ಟಬಹುದು.

ಮುತ್ತುಗಳನ್ನು ಸೋಸಿ ಶುದ್ಧ ನೀರಿನ ಲೋಟಕ್ಕೆ ಹಾಕಿಟ್ಟು ಮಾತು ಮುಂದುವರಿಸಿದೆ. ಹತ್ತು ಹದಿನೈದು ನಿಮಿಷ ಆಗಿರಬೇಕು. ನೀರೆಲ್ಲಾ ಗುಲಾಬಿ, ಮುತ್ತುಗಳು ಬಿಳಚಿಕೊಂಡಿದ್ದವು. ಬಣ್ಣ ಓಡಿಹೋಗಿತ್ತು.

ಈ ಕ್ಷೇತ್ರದ ನಿಜವಾದ ತಲೆನೋವು ಈ ಲೋಟದಲ್ಲೇ ಇದೆ. ಜೆಲ್‌ನ ಬಲೆಯ ಕಣ್ಣುಗಳ ಗಾತ್ರ 5ರಿಂದ 100 ನ್ಯಾನೋಮೀಟರ್ ವರೆಗೆ ಇರುತ್ತದೆ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್). ಔಷಧಿಯ ಅಣು 1 ನ್ಯಾನೋಮೀಟರಿನ ಆಸುಪಾಸು. ಮೀನಿನ ಬಲೆಯಲ್ಲಿ ರಾಗಿ ಕಾಳು ಹಿಡಿದ ಹಾಗಾಯಿತು. ಜೆಲ್ ಔಷಧಿಯನ್ನು ಹಿಡಿದಿಟ್ಟುಕೊಂಡಿಲ್ಲ, ಅದು ಹೊರಗೆ ಹೋಗುವ ದಾರಿಯನ್ನು ಸ್ವಲ್ಪ ಉದ್ದ ಮಾಡಿದೆ ಅಷ್ಟೇ. ಹಾಕಿದ ಕೂಡಲೇ ದೊಡ್ಡ ಪಾಲು ಬುಳಕ್ಕನೆ ಹೊರಬರುತ್ತದೆ. ಕಾಗದದ ಮೇಲೆ 'ನಿಯಂತ್ರಿತ ಬಿಡುಗಡೆ', ಲೋಟದಲ್ಲಿ ನೋಡಿದರೆ ಎಲ್ಲಾ ಒಂದೇ ಸಲ ಚೆಲ್ಲಿಹೋಗಿದೆ.

ಹಾಗಾದರೆ ಮುತ್ತನ್ನು ದೊಡ್ಡದು ಮಾಡೋಣ ಅಂತ ಒಬ್ಬರು ಅಲ್ಲೇ ಕೂಗಿದರು. ಸರಿಯಾದ ಯೋಚನೆ. ಅಣು ಹರಡಿಕೊಂಡು ಹೊರಬರಲು ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾತ್ರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಲೆಕ್ಕ ಹಾಕಿ ನೋಡೋಣ. 3 ಮಿಲಿಮೀಟರ್ ಮುತ್ತು 10 ನಿಮಿಷ ತಡೆಯಿತು ಅಂದುಕೊಳ್ಳಿ. 30 ದಿನ ತಡೆಯಬೇಕಾದರೆ ಸಮಯ 4320 ಪಟ್ಟು ಜಾಸ್ತಿಯಾಗಬೇಕು, ಗಾತ್ರ ಸುಮಾರು 66 ಪಟ್ಟು. ಅಂದರೆ 20 ಸೆಂಟಿಮೀಟರಿನ ಉಂಡೆ. ಅದನ್ನು ಯಾರ ಹೊಟ್ಟೆಯೊಳಗೆ ಇಡುತ್ತೀರಿ?

ಗಾತ್ರದಿಂದ ಆಗುವುದಿಲ್ಲ ಅಂತಾದ ಮೇಲೆ ಉಳಿಯುವುದು ಸಂಬಂಧ. ಔಷಧಿಗೂ ಸರಪಳಿಗೂ ನಡುವೆ ಒಂದು ಸೆಳೆತ ಇರಬೇಕು. ಇಲ್ಲಿ ಬೀಟ್‌ರೂಟ್ ನಮಗೆ ಇನ್ನೊಂದು ಪಾಠ ಹೇಳುತ್ತದೆ. ಬೆಟನಿನ್ ಋಣ, ಆಲ್ಜಿನೇಟೂ ಋಣ. ಒಂದನ್ನೊಂದು ದೂಡುತ್ತವೆ, ಬಣ್ಣ ಬೇಗ ಹೊರಗೆ ಬಂತು. ಡಾಕ್ಸೊರುಬಿಸಿನ್‌ಗೆ ಮೈಯ ಸ್ಥಿತಿಯಲ್ಲಿ ಧನ ವಿದ್ಯುದಂಶ ಇರುತ್ತದೆ. ಅದು ಆಲ್ಜಿನೇಟಿಗೆ ಅಂಟಿಕೊಳ್ಳುತ್ತದೆ. ಗಾತ್ರ ಒಂದೇ, ನಡತೆ ಬೇರೆ. ಆದ್ದರಿಂದ ಯಾವ ಔಷಧಿಗೆ ಯಾವ ಪಾಲಿಮರ್ ಅನ್ನುವುದನ್ನು ಜೋಡಿ ಕೂಡಿಸಿ ನೋಡಬೇಕು. ಎಲ್ಲಾ ಔಷಧಿಗೂ ಸಲ್ಲುವ ಒಂದು ಜೆಲ್ ಅಂತ ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ.

ಅಂಟಿಕೊಂಡರೂ ಕಥೆ ಮುಗಿಯಲಿಲ್ಲ. ಮೈಯೊಳಗಿನ ನೀರು ಶುದ್ಧ ನೀರಲ್ಲ, ಉಪ್ಪು ನೀರು. ಅಲ್ಲಿನ ಸೋಡಿಯಂ ಬಂದು ಕ್ಯಾಲ್ಸಿಯಂ ಜಾಗವನ್ನು ನಿಧಾನಕ್ಕೆ ಕಿತ್ತುಕೊಳ್ಳುತ್ತದೆ, ಔಷಧಿಯನ್ನೂ ಬಿಡಿಸುತ್ತದೆ. ಗಂಟು ಸಡಿಲವಾಗಿ ಜೆಲ್ ಕರಗಲು ಶುರು. ಇನ್ನೊಂದು ತಮಾಷೆ: ಆಲ್ಜಿನೇಟ್ ಕತ್ತರಿಸುವ ಕಿಣ್ವ ಮನುಷ್ಯರಲ್ಲಿ ಇಲ್ಲವೇ ಇಲ್ಲ. ಜೆಲ್ ಕರಗಿದರೂ ಉದ್ದನೆಯ ಸರಪಳಿ ಹಾಗೇ ಉಳಿಯುತ್ತದೆ. ಅದಕ್ಕೇ ಅದನ್ನು ಮೊದಲೇ ಸ್ವಲ್ಪ ಆಕ್ಸಿಡೈಸ್ ಮಾಡಿ, ಮೈಯಲ್ಲಿ ತಾನಾಗಿ ತುಂಡಾಗುವ ಹಾಗೆ ಮಾಡುತ್ತಾರೆ.

ಕೈಟೊಸಾನ್ ಇದಕ್ಕೆ ಉಲ್ಟಾ. ಅದಕ್ಕೆ ಧನ ವಿದ್ಯುದಂಶ. ಕಣ್ಣೀರಿನಲ್ಲಿ, ಎಂಜಲಿನಲ್ಲಿ ಇರುವ ಲೈಸೊಜೈಮ್ ಅನ್ನುವ ಕಿಣ್ವ ಅದನ್ನು ನಿಧಾನವಾಗಿ ಕತ್ತರಿಸುತ್ತದೆ. ಬಾಯಿ, ಕರುಳಿನ ಲೋಳೆಪದರಕ್ಕೆ ಋಣ ವಿದ್ಯುದಂಶ ಇರುವುದರಿಂದ ಕೈಟೊಸಾನ್ ಅಲ್ಲಿ ಗಟ್ಟಿಯಾಗಿ ಅಂಟಿ ಕೂರುತ್ತದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿ ಕ್ಯಾನ್ಸರ್. ಗುಟ್ಕಾ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ ನಮ್ಮ ಊರಿನಲ್ಲಿ ಎಷ್ಟು ಸಾಮಾನ್ಯ ಅಂತ ಬಸ್ ಸ್ಟ್ಯಾಂಡಿನ ಗೋಡೆ ನೋಡಿದರೆ ಸಾಕು. ಕೆನ್ನೆಯ ಒಳಗೆ ಅಂಟಿಸಿ ಔಷಧಿ ಬಿಡುವ ಕೈಟೊಸಾನ್ ಪಟ್ಟಿಗಳ ಬಗ್ಗೆ ಜಾಸ್ತಿ ಕೆಲಸ ಆಗುತ್ತಿರುವುದು ಇದಕ್ಕೇ. ನನ್ನ ಅಭಿಪ್ರಾಯದಲ್ಲಿ ನಮ್ಮ ದೇಶದ ಪ್ರಯೋಗಾಲಯಗಳು ಹಣ ಹಾಕಬೇಕಾದ ಜಾಗ ಇದು.

ಕೈಟೊಸಾನಿನ ಇನ್ನೊಂದು ಚಮತ್ಕಾರ 2000ದಲ್ಲಿ ಕೆನಡಾದ ಒಂದು ತಂಡ ತೋರಿಸಿತು. ಅದಕ್ಕೆ ಗ್ಲಿಸರೊಫಾಸ್ಫೇಟ್ ಅನ್ನುವ ಒಂದು ಲವಣ ಬೆರೆಸಿದರೆ ತಣ್ಣಗಿರುವಾಗ ನೀರಾಗಿರುತ್ತದೆ, ಮೈಯ ಬಿಸಿಗೆ ಬಂದ ಕೂಡಲೇ ಗಟ್ಟಿಯಾಗುತ್ತದೆ. ಫ್ರಿಜ್‌ನಿಂದ ತೆಗೆದು ಸೂಜಿಯಲ್ಲಿ ಚುಚ್ಚಬಹುದು. ಕೊಯ್ಯುವುದು ಬೇಡ. ಒಳಗೆ ಹೋಗಿ ಸಿಕ್ಕ ಜಾಗದ ಆಕಾರಕ್ಕೇ ಹೊಂದಿಕೊಂಡು ಕೂರುತ್ತದೆ.

ಇನ್ನು 'ಜಾಣ ಜೆಲ್' ಅಂತ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದರ ಬಗ್ಗೆ ಒಂದು ಮಾತು. ಗಡ್ಡೆಯ ಸುತ್ತ ಸ್ವಲ್ಪ ಹುಳಿ ಇರುತ್ತದೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲಕ್ಕೆ ಇಳಿಸುತ್ತವೆ ಅಂತ ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಹುಳಿ ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ರಕ್ತದ ಪಿಎಚ್ 7.4, ಗಡ್ಡೆಯ ಸುತ್ತ 6.5ರಿಂದ 6.9. ಹುಳಿ ಸಿಕ್ಕಾಗ ಮಾತ್ರ ಉಬ್ಬಿ ಔಷಧಿ ಬಿಡುವ ಜೆಲ್ ಮಾಡಿದರೆ ಅದು ಗಡ್ಡೆಯ ಹತ್ತಿರ ಮಾತ್ರ ಬಾಯಿ ಬಿಡುತ್ತದೆ ಅನ್ನುವುದು ಆಸೆ. ಆಸೆ ಚೆನ್ನಾಗಿದೆ. ಆದರೆ ಪ್ರಬಂಧಗಳನ್ನು ಓದುವಾಗ ಒಂದು ಕಡೆ ಬೆರಳಿಟ್ಟು ನೋಡಿ. ಪರೀಕ್ಷೆ ಮಾಡಿದ್ದು ಯಾವ ಪಿಎಚ್‌ನಲ್ಲಿ? ಎಷ್ಟೋ ಸಲ 7.4 ಮತ್ತು 5. ಪಿಎಚ್ 5 ಸಿಗುವುದು ಜೀವಕೋಶದ ಒಳಗಿನ ಲೈಸೊಸೋಮ್ ಅನ್ನುವ ಚೀಲದಲ್ಲಿ. ಕೋಶದ ಒಳಗೆ ಹೋಗುವ ನ್ಯಾನೋ ಕಣಕ್ಕೆ ಆ ಪರೀಕ್ಷೆ ಸರಿ. ಗಡ್ಡೆಯ ಪಕ್ಕದಲ್ಲಿ ಕೂರುವ ಒಂದು ಮಿಲಿಲೀಟರ್ ಜೆಲ್ ಲೈಸೊಸೋಮ್ ಒಳಗೆ ಯಾವತ್ತೂ ಹೋಗುವುದಿಲ್ಲ, ಅಲ್ವಾ? ಅದಕ್ಕೆ ಸಿಗುವ ವ್ಯತ್ಯಾಸ ಅರ್ಧದಿಂದ ಒಂದು ಅಂಕಿಯೊಳಗೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ನಿಖರವಾಗಿ ಸ್ಪಂದಿಸುವ ಜೆಲ್ ಮಾಡುವುದು ಸುಲಭವಲ್ಲ.

ಕಿಣ್ವದ ದಾರಿ ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಗಡ್ಡೆ ಬೆಳೆಯಬೇಕಾದರೆ ಸುತ್ತಲಿನ ಕೊಲ್ಲಾಜೆನ್, ಅಂದರೆ ಜೀವಕೋಶಗಳ ನಡುವೆ ಹಾಸಿರುವ ಪ್ರೋಟೀನ್ ನಾರು, ಕತ್ತರಿಸಿಕೊಂಡು ದಾರಿ ಮಾಡಿಕೊಳ್ಳಬೇಕು. ಅದಕ್ಕಾಗಿ ಎಂಎಂಪಿ-2, ಎಂಎಂಪಿ-9 ಅನ್ನುವ ಕಿಣ್ವಗಳನ್ನು ಜೋರಾಗಿ ಸುರಿಸುತ್ತದೆ. ಜೆಲಟಿನ್ ಅನ್ನುವುದು ಕೊಲ್ಲಾಜೆನ್ನಿನದೇ ಬಿಡಿಸಿದ ರೂಪ. ಗಡ್ಡೆಯ ಪಕ್ಕದಲ್ಲಿ ಜೆಲಟಿನ್ ಜೆಲ್ ಇಟ್ಟರೆ ಗಡ್ಡೆಯ ಕಿಣ್ವವೇ ಅದನ್ನು ಕತ್ತರಿಸಿ ಔಷಧಿಯನ್ನು ತನ್ನ ಮೇಲೆ ತಾನೇ ಸುರಿದುಕೊಳ್ಳುತ್ತದೆ.

ಇನ್ನು ರೇಷ್ಮೆ. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ನಮ್ಮದು. ಸಿಲ್ಕ್ ಬೋರ್ಡ್ ಅಂದರೆ ಬೆಂಗಳೂರಿನವರಿಗೆ ಟ್ರಾಫಿಕ್ ಮಾತ್ರ ನೆನಪಾಗುತ್ತದೆ, ಅಲ್ಲಿ ಕೇಂದ್ರ ರೇಷ್ಮೆ ಮಂಡಳಿ ಇದೆ ಅನ್ನುವುದು ಮರೆತೇಹೋಗಿದೆ. ಮೈಸೂರು ರಸ್ತೆಯಲ್ಲಿ ಒಂದು ಗಂಟೆ ಹೋದರೆ ರಾಮನಗರ, ಅಲ್ಲಿನ ಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರುವಾಸಿ. ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನ್ ಇದೆ. ಹೊರಗಿನ ಅಂಟು ಸೆರಿಸಿನ್, ಸುಮಾರು ಕಾಲು ಭಾಗ. ಒಳಗಿನ ಗಟ್ಟಿ ಎಳೆ ಫೈಬ್ರೊಯಿನ್.

ಪ್ರಯೋಗಾಲಯದಲ್ಲಿ ಮಾಡುವುದು ಹೀಗೆ. ಗೂಡನ್ನು ಕತ್ತರಿಸಿ, ಒಳಗಿನ ಹುಳು ತೆಗೆದು, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸುತ್ತಾರೆ. ಸೆರಿಸಿನ್ ಕರಗಿ ಹೋಗುತ್ತದೆ, ಕೈಗೆ ಹತ್ತಿಯಂಥ ಬಿಳಿ ಉಂಡೆ ಸಿಗುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ ಲಿಥಿಯಂ ಬ್ರೋಮೈಡ್‌ನ ಗಾಢ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಸೀರೆಯಷ್ಟು ಗಟ್ಟಿಯಾದ ಆ ಎಳೆ ಕರಗಿ ಜೇನಿನ ಬಣ್ಣದ ದ್ರವವಾಗುತ್ತದೆ. ಆಮೇಲೆ ಪೊರೆಯ ಚೀಲದಲ್ಲಿ ಕಟ್ಟಿ ಎರಡು ದಿನ ನೀರು ಬದಲಿಸುತ್ತಾ ಲವಣ ತೆಗೆಯಬೇಕು. ಈ ಹಂತದಲ್ಲಿ ಬಾಟಲಿಯನ್ನು ಜೋರಾಗಿ ಅಲ್ಲಾಡಿಸುವಂತಿಲ್ಲ. ಅಲ್ಲಾಡಿಸಿದರೆ ಅಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ! ಶಬ್ದತರಂಗ ಹಾಯಿಸಿದರೂ, ಹುಳಿ ಬೆರೆಸಿದರೂ ಅಷ್ಟೇ. ಪ್ರೋಟೀನ್ ಸರಪಳಿಗಳು ಮಡಚಿ ಒಂದರ ಪಕ್ಕ ಒಂದು ಹಾಳೆ ಹಾಸಿದ ಹಾಗೆ ಕೂರುತ್ತವೆ. ಆ ಹಾಳೆಗಳೇ ಇಲ್ಲಿ ಗಂಟು. ಕ್ಯಾಲ್ಸಿಯಂ ಬೇಡ, ಬೇರೆ ರಾಸಾಯನಿಕ ಬೇಡ, ಮೈಯ ಉಪ್ಪಿಗೂ ಜಗ್ಗುವುದಿಲ್ಲ.

ಫೈಬ್ರೊಯಿನ್‌ಗೆ ಮೈಯ ಪಿಎಚ್‌ನಲ್ಲಿ ಋಣ ವಿದ್ಯುದಂಶ. ಡಾಕ್ಸೊರುಬಿಸಿನ್ ಧನ. ಜೋಡಿ ಕೂಡಿತು. 2013ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡ ಇಂಥ ರೇಷ್ಮೆ ಜೆಲ್‌ನಲ್ಲಿ ಡಾಕ್ಸೊರುಬಿಸಿನ್ ತುಂಬಿದ್ದನ್ನು ಪ್ರಕಟಿಸಿತು. ಔಷಧಿ 4 ವಾರ ಹೊರಬಂತು, ರೇಷ್ಮೆಯ ಪ್ರಮಾಣ ಹೆಚ್ಚು ಕಡಿಮೆ ಮಾಡಿ ವೇಗ ಬದಲಿಸಬಹುದಿತ್ತು. ಸ್ತನ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಅಷ್ಟೇ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟದ್ದಕ್ಕಿಂತ ಈ ಜೆಲ್ ಚೆನ್ನಾಗಿ ಕೆಲಸ ಮಾಡಿತು. ಇಲಿ ಅನ್ನುವುದನ್ನು ಮತ್ತೆ ಹೇಳುತ್ತೇನೆ. ಇಲಿಯ ಗಡ್ಡೆ ಕೆಲವು ವಾರದ್ದು, ಮನುಷ್ಯನದು ಕೆಲವು ವರ್ಷದ್ದು.

ಈಗ ಎಲ್ಲರೂ ಕೇಳುವ ಮಾತು, ಇದರಲ್ಲಿ ಯಾವುದು ರೋಗಿಯವರೆಗೆ ಬಂದಿದೆ? ನೇರವಾಗಿ ಹೇಳಿಬಿಡುತ್ತೇನೆ. ಕ್ಯಾನ್ಸರ್ ಔಷಧಿಯನ್ನು ಒಳಗಿಟ್ಟು ಬಿಡುವ ಸಾಧನಗಳಲ್ಲಿ ಒಪ್ಪಿಗೆ ಪಡೆದ ಹೆಸರಾಂತವುಗಳೆಲ್ಲಾ ಕಾರ್ಖಾನೆ ಪಾಲಿಮರ್‌ಗಳವು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದ ಗ್ಲಿಯಾಡೆಲ್ ಮಿದುಳಿನ ಗಡ್ಡೆಗೆ. ಅದು ಜೆಲ್ ಅಲ್ಲ, ಬಿಲ್ಲೆ. ಗಡ್ಡೆ ತೆಗೆದ ಗುಂಡಿಯಲ್ಲಿ 8 ಬಿಲ್ಲೆ ಜೋಡಿಸುತ್ತಾರೆ, ಒಂದೊಂದರಲ್ಲಿ 7.7 ಮಿಲಿಗ್ರಾಂ ಕಾರ್ಮಸ್ಟಿನ್. ದೊಡ್ಡ ಪ್ರಯೋಗದಲ್ಲಿ ಆಯಸ್ಸು ಹೆಚ್ಚಿದ್ದು ಸರಾಸರಿ 2 ತಿಂಗಳ ಆಸುಪಾಸು. 2004ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬಂದ ವ್ಯಾಂಟಾಸ್ ನಿಜವಾದ ಹೈಡ್ರೊಜೆಲ್. ತೋಳಿನ ಚರ್ಮದ ಕೆಳಗೆ ಇಟ್ಟರೆ 12 ತಿಂಗಳು ಹಾರ್ಮೋನ್ ಔಷಧಿ ಬಿಡುತ್ತಿತ್ತು. ಆಮೇಲೆ ತಯಾರಿಕೆ ನಿಂತಿತು.

2020ರ ಜೆಲ್‌ಮೈಟೊ ನನಗೆ ಎಲ್ಲಕ್ಕಿಂತ ಇಷ್ಟ. ಮೂತ್ರಪಿಂಡದಿಂದ ಮೂತ್ರ ಇಳಿಯುವ ದಾರಿಯಲ್ಲಿ ಆಗುವ ನಿಧಾನ ಜಾತಿಯ ಕ್ಯಾನ್ಸರ್‌ಗೆ ಅದು. ಅಲ್ಲಿ ಔಷಧಿ ಹಾಕಿದರೆ ಮೂತ್ರವೇ ನಿಮಿಷಗಳಲ್ಲಿ ತೊಳೆದುಬಿಡುತ್ತದೆ. ತಣ್ಣಗಿನ ದ್ರವವಾಗಿ ಹಾಕುತ್ತಾರೆ, ಒಳಗೆ ಜೆಲ್ ಆಗುತ್ತದೆ, ಮೂತ್ರ ಅದನ್ನು 4ರಿಂದ 6 ಗಂಟೆಯಲ್ಲಿ ಕರಗಿಸಿಕೊಂಡು ಹೋಗುತ್ತದೆ. ಒಳಗಿರುವುದು ಮೈಟೊಮೈಸಿನ್, ಹಳೇ ಔಷಧಿ. 71 ಜನರ ಪ್ರಯೋಗದಲ್ಲಿ 41 ಜನರಿಗೆ ಗಡ್ಡೆ ಪೂರ್ತಿ ಮಾಯವಾಗಿತ್ತು. ಇಲ್ಲಿ ಯಾರೂ 30 ದಿನ ಬೇಕು ಅಂತ ಹಟ ಹಿಡಿಯಲಿಲ್ಲ. 5 ನಿಮಿಷವನ್ನು 5 ಗಂಟೆ ಮಾಡಿದರೆ ಸಾಕು ಅಂತ ಗೊತ್ತಿತ್ತು, ಅಷ್ಟನ್ನೇ ಮಾಡಿದರು. ನಮ್ಮ ಬಯೊಪಾಲಿಮರ್ ಪ್ರಬಂಧಗಳಲ್ಲಿ ಕಾಣದಿರುವುದು ಇದೇ. ಜೆಲ್ ಮೊದಲು ಮಾಡುತ್ತೇವೆ, ರೋಗ ಆಮೇಲೆ ಹುಡುಕುತ್ತೇವೆ.

ಬಯೊಪಾಲಿಮರ್ ಹಿಂದೆ ಬೀಳಲು ಇನ್ನೊಂದು ಕಾರಣ ಅದು ಹುಟ್ಟಿದ ಜಾಗ. ಕಡಲಪಾಚಿ ಯಾವ ತೀರದ್ದು, ಯಾವ ಕಾಲದಲ್ಲಿ ಕಿತ್ತದ್ದು ಅನ್ನುವುದರ ಮೇಲೆ ಆಲ್ಜಿನೇಟಿನ ಗಟ್ಟಿತನ ಬದಲಾಗುತ್ತದೆ. ಈ ತಿಂಗಳ ಡಬ್ಬಿಯಲ್ಲಿ 7 ದಿನ ತಡೆದ ಜೆಲ್ ಮುಂದಿನ ತಿಂಗಳ ಡಬ್ಬಿಯಲ್ಲಿ 4 ದಿನಕ್ಕೆ ಬಿಟ್ಟುಬಿಟ್ಟರೆ ಯಾವ ನಿಯಂತ್ರಕರು ಒಪ್ಪುತ್ತಾರೆ? ಬ್ಯಾಕ್ಟೀರಿಯಾದ ವಿಷದ ಅಂಶ ಚೂರೂ ಉಳಿಯಬಾರದು. ಕ್ರಿಮಿ ಕೊಲ್ಲಲು ಬಿಸಿ ಮಾಡಿದರೆ, ಗಾಮಾ ಕಿರಣ ಹಾಯಿಸಿದರೆ ಆಲ್ಜಿನೇಟ್ ಸರಪಳಿಯೇ ತುಂಡಾಗುತ್ತದೆ. ನೈಸರ್ಗಿಕ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ಜಾಹೀರಾತು ಹೇಳಬಹುದು, ಇಲ್ಲಿ ಅದು ನಡೆಯುವುದಿಲ್ಲ.

ಇನ್ನೊಂದು ಮಿತಿ. ಜೆಲ್ ಇಟ್ಟ ಜಾಗದಲ್ಲಿ ಕೆಲಸ ಮಾಡುತ್ತದೆ. ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದರೆ ರಕ್ತದ ದಾರಿಯಲ್ಲೇ ಔಷಧಿ ಹೋಗಬೇಕು. ರಕ್ತದ ಕ್ಯಾನ್ಸರ್‌ಗೆ ಜೆಲ್ ಇಡಲು ಒಂದು ಜಾಗವೇ ಇಲ್ಲ.

ಸಭೆಯ ಪ್ರಶ್ನೆಗಳು

ಶಿಗಡಿ ಅಲರ್ಜಿ ಇದ್ದವರು, ಸಸ್ಯಾಹಾರಿಗಳು ಏನು ಮಾಡಬೇಕು ಅಂತ ಒಬ್ಬ ಹಿರಿಯರು ಕೇಳಿದರು. ಶಿಗಡಿ ಅಲರ್ಜಿ ಮುಖ್ಯವಾಗಿ ಅದರ ಪ್ರೋಟೀನಿಗೆ ಆಗುವುದು. ಚೆನ್ನಾಗಿ ಶುದ್ಧ ಮಾಡಿದ ಕೈಟೊಸಾನಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಆದರೂ ಡಾಕ್ಟರಿಗೆ ಹೇಳಲೇಬೇಕು. ಅಣಬೆ ಜಾತಿಯ ಶಿಲೀಂಧ್ರಗಳಿಂದಲೂ ಕೈಟೊಸಾನ್ ತೆಗೆಯುತ್ತಾರೆ. ಜೆಲಟಿನ್ ಮಾತ್ರ ಪ್ರಾಣಿ, ಮೀನಿನದ್ದೇ.

ಲೋಳೆಸರದ ರಸ ದಿನಾ ಕುಡಿದರೆ ಅದೂ ಹೈಡ್ರೊಜೆಲ್ ತಾನೇ, ಕ್ಯಾನ್ಸರ್ ಹೋಗುತ್ತದಾ? ಹೋಗುವುದಿಲ್ಲ. ಜೆಲ್ ಇಲ್ಲಿ ಪಾತ್ರೆ ಮಾತ್ರ. ಕೀಮೋ ನಡೆಯುವಾಗ ಇಂಥದ್ದನ್ನು ಕುಡಿಯುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದ್ದು ಆ ದಿನದ ಒಳ್ಳೆಯ ಪ್ರಶ್ನೆ. ಡ್ರಿಪ್ ಕೊಡುವಾಗ ರೋಗಿಗೆ ತೊಂದರೆ ಆದರೆ ನಾವು ತಕ್ಷಣ ನಿಲ್ಲಿಸುತ್ತೇವೆ, ಜೆಲ್ ಚುಚ್ಚಿದ ಮೇಲೆ ಹೇಗೆ ನಿಲ್ಲಿಸುವುದು? ಇದಕ್ಕೆ ಪೂರ್ತಿ ಉತ್ತರ ಇಲ್ಲ. ವ್ಯಾಂಟಾಸ್ ಥರ ತೋಳಿನ ಚರ್ಮದ ಕೆಳಗೆ ಇಟ್ಟ ಕಡ್ಡಿಯನ್ನು ಸಣ್ಣ ಗಾಯ ಮಾಡಿ ತೆಗೆಯಬಹುದು. ಚುಚ್ಚಿದ ಜೆಲ್ ತೆಗೆಯಲು ಆಪರೇಷನ್ನೇ ಬೇಕಾದೀತು. ಆಲ್ಜಿನೇಟ್ ಮುತ್ತಿನ ಮೇಲೆ ಸಿಟ್ರೇಟ್ ಸುರಿದರೆ ಅದು ಕ್ಯಾಲ್ಸಿಯಂ ಕಸಿದುಕೊಂಡು ಮುತ್ತು ಕರಗುತ್ತದೆ, ಲೋಟದಲ್ಲಿ. ಮೈಯೊಳಗೆ ಹಾಗೆ ಮಾಡಿದರೆ ಇದ್ದ ಔಷಧಿಯೆಲ್ಲಾ ಒಂದೇ ಸಲ ಹೊರಬರುತ್ತದೆ, ಇನ್ನೂ ಕೆಟ್ಟದ್ದು. ಆದ್ದರಿಂದಲೇ ಮೊದಲ ಪ್ರಯೋಗಗಳಲ್ಲಿ ಪ್ರಮಾಣ ತೀರಾ ಕಡಿಮೆಯಿಂದ ಶುರುಮಾಡುತ್ತಾರೆ.

ಕೊನೆಗೆ, ನಮ್ಮ ಮನೆಯವರಿಗೆ ಇಂಥ ಪ್ರಯೋಗದಲ್ಲಿ ಸೇರಲು ಆಗುತ್ತದಾ, ಎಲ್ಲಿ ವಿಚಾರಿಸಬೇಕು ಅಂತ ಒಬ್ಬರು ಕೇಳಿದರು. ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಭಾರತದಲ್ಲಿ ಮನುಷ್ಯರ ಮೇಲೆ ಮಾಡುವ ಔಷಧಿ ಪ್ರಯೋಗವನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ರೋಗದ ಹೆಸರು ಹಾಕಿದರೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆ ಅಂತ ಬರುತ್ತದೆ. ಆ ಪುಟ ಪ್ರಿಂಟ್ ತೆಗೆದು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಕನ್ನಡದಲ್ಲಿ ಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಸಹಿ ಹಾಕುವ ಮೊದಲು ಮನೆಗೆ ತಂದು ಓದಿ. ಮಧ್ಯದಲ್ಲಿ ಬಿಟ್ಟು ಬರಲೂಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದ ಔಷಧಿಗೆ ಯಾರಾದರೂ ದುಡ್ಡು ಕೇಳಿದರೆ, ನೋಂದಣಿ ಸಂಖ್ಯೆ ಕೊಡಿ ಅಂತ ಅಲ್ಲೇ ಕೇಳಿ.